ಅಪ್ಪನ ಓಮ್ನಿಗೆ ಒಂದು ಮುಳ್ಳು

ನಮ್ಮ ಓಮ್ನಿಯ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಚಿತ್ರವಿರುವ ಒಂದು ಪುಟ್ಟ ಕೆಂಪು ದೀಪ ಇದೆ. ಕೀ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ನಮ್ಮ ಗಾಡಿಯಲ್ಲಿ ಅದು ಹೊತ್ತುತ್ತಲೇ ಇರಲಿಲ್ಲ. ಎಷ್ಟು ದಿನದಿಂದ ಅಂತ ಕೇಳಿದರೆ ಅಪ್ಪನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಲ್ಬ್ ಸುಟ್ಟುಹೋಗಿತ್ತು. ದೀಪ ಉರಿಯುತ್ತಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೇ ನಾವು ನಂಬಿಕೊಂಡಿದ್ದೆವು.

ಹಿಂದಿನ ಮಳೆಗಾಲ ಮುಗಿಯುತ್ತಿದ್ದ ಸಮಯ. ಅಪ್ಪ ಉಜಿರೆಗೆ ಬಾಡಿಗೆ ಹೋಗಿ ವಾಪಸ್ ಮೂಡಿಗೆರೆಗೆ ಬರುತ್ತಿದ್ದರು. ಚಾರ್ಮಾಡಿ ಘಾಟಿಯ ಅರ್ಧ ಹತ್ತುವ ಹೊತ್ತಿಗೆ ಸೀಟಿನ ಕೆಳಗಿಂದ ಟಕ ಟಕ ಅಂತ ಶಬ್ದ. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ, ಹಾಗಾಗಿ ಶಬ್ದ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ. ಆದರೆ ಅಲ್ಲಿ ನಿಲ್ಲಿಸಿದರೆ ಮಳೆ, ಮಂಜು, ತಿರುವು. ‘ಹೇಗಾದರೂ ಕೊಟ್ಟಿಗೆಹಾರ ಮುಟ್ಟಿಸ್ತೇನೆ’ ಅಂತ ಅಪ್ಪ ಒತ್ತಿದರು. ಮುಟ್ಟಲಿಲ್ಲ. ಎಂಜಿನ್ ಕಚ್ಚಿಕೊಂಡು ನಿಂತಿತು. ಸಂಪಿನ ಡ್ರೈನ್ ಬೋಲ್ಟಿನ ವಾಷರ್ ಹೋಗಿ, ಆಯಿಲ್ ದಾರಿಯುದ್ದಕ್ಕೂ ಸೋರಿಹೋಗಿತ್ತು. ಒಟ್ಟು ಮೂರು ಲೀಟರ್ ಹತ್ತಿರದ ಆಯಿಲ್ ಹಿಡಿಯುವ ಎಂಜಿನ್ ಅದು. ಖಾಲಿಯಾಗಲು ಎಷ್ಟು ಹೊತ್ತು ಬೇಕು?

ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಪಿಸ್ಟನ್ ರಿಂಗ್, ಲೇಬರ್. ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದರು. ಮೂರು ವಾರ ಗಾಡಿ ಗ್ಯಾರೇಜಿನಲ್ಲಿ. ಬೆಳಿಗ್ಗೆ ಶಾಲೆ ಮಕ್ಕಳನ್ನು ಬಿಡುವ ಟ್ರಿಪ್ ಬೇರೆಯವರ ಪಾಲಾಯಿತು. ನಾನು ಆಗಷ್ಟೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಸಂಬಂಧಿಕರೊಬ್ಬರು ‘ಮಗ ಎಂಜಿನಿಯರ್, ಅಪ್ಪನ ಎಂಜಿನ್ ಸೀಜ್’ ಅಂತ ತಮಾಷೆ ಮಾಡಿದರು. ನಗು ಬರಲಿಲ್ಲ. ಯಾಕೆಂದರೆ ‘ಲ್ಯೂಬ್ರಿಕೇಶನ್ ಸಿಸ್ಟಮ್ ಅನ್ನು ಅಂದವಾದ ಚಿತ್ರದೊಂದಿಗೆ ವಿವರಿಸಿ’ ಅನ್ನುವ ಪ್ರಶ್ನೆಗೆ ನಾನು ಎರಡು ಸಲ ಪೂರ್ತಿ ಅಂಕ ತೆಗೆದವನು. ಸಂಪ್, ಸ್ಟ್ರೇನರ್, ಪಂಪ್, ರಿಲೀಫ್ ವಾಲ್ವ್, ಫಿಲ್ಟರ್, ಆಯಿಲ್ ಗ್ಯಾಲರಿ, ಬೇರಿಂಗ್ ಎಲ್ಲ ಬಾಣದ ಗುರುತು ಹಾಕಿ ಬರೆದಿದ್ದೆ. ಆ ಚಿತ್ರದ ಮೂಲೆಯಲ್ಲಿ ಪ್ರೆಷರ್ ಗೇಜ್ ಅಂತ ಒಂದು ಪುಟ್ಟ ವೃತ್ತವೂ ಇತ್ತು. ಅದನ್ನೂ ಬರೆದಿದ್ದೆ. ನಮ್ಮ ಗಾಡಿಯಲ್ಲಿ ಆ ವೃತ್ತ ಇಲ್ಲ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಎಂಜಿನ್ ರಿಪೇರಿ ಮಾಡಿದ ಮೇಸ್ತ್ರಿ ಹೇಳಿದ ಒಂದು ಮಾತಿನಿಂದ ನನ್ನ ಗೇಜಿನ ಹುಚ್ಚು ಶುರುವಾಯಿತು. ‘ಬಲ್ಬ್ ಸರಿ ಇದ್ದಿದ್ರೂ ದೊಡ್ಡ ಪ್ರಯೋಜನ ಆಗ್ತಿರಲಿಲ್ಲ ಮಾರಾಯ. ಆ ದೀಪ ಹೊತ್ತುವ ಹೊತ್ತಿಗೆ ಹೆಣ ಮನೆಗೆ ಬಂದಿರ್ತದೆ.’

ಮೇಸ್ತ್ರಿ ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದರು, ಆದರೆ ವಿಷಯ ಸುಳ್ಳಲ್ಲ. ಕೆಂಪು ದೀಪದ ಹಿಂದೆ ಇರುವುದು ಒಂದು ಸಾದಾ ಸ್ವಿಚ್. ಎಂಜಿನ್ನಿನ ಬ್ಲಾಕಿಗೆ, ಆಯಿಲ್ ಫಿಲ್ಟರ್ ಹತ್ತಿರ ಅದನ್ನು ತಿರುಗಿಸಿ ಕೂರಿಸಿರುತ್ತಾರೆ. ಒಳಗೆ ಒಂದು ತೆಳು ಪದರ, ಒಂದು ಸ್ಪ್ರಿಂಗ್. ಆಯಿಲ್ ಒತ್ತಿದರೆ ಸಂಪರ್ಕ ತಪ್ಪಿ ದೀಪ ಆರುತ್ತದೆ, ಒತ್ತಡ ಬಿದ್ದರೆ ಸಂಪರ್ಕ ಕೂಡಿ ದೀಪ ಹೊತ್ತುತ್ತದೆ. ಸಾಮಾನ್ಯವಾಗಿ ಈ ಸ್ವಿಚ್‌ಗಳು ಬದಲಾಗುವುದು ಅರ್ಧ ಬಾರ್ ಆಸುಪಾಸು, ಕೆಲವಂತೂ ಅದಕ್ಕೂ ಕೆಳಗೆ. ಘಾಟಿ ಹತ್ತುವಾಗ 3 ಬಾರ್ ಬೇಕಾದ ಎಂಜಿನ್ನಿಗೆ ಒಂದೇ ಬಾರ್ ಸಿಗುತ್ತಿದ್ದರೂ ದೀಪದ ಲೆಕ್ಕದಲ್ಲಿ ಎಲ್ಲ ಕ್ಷೇಮ. ಪರೀಕ್ಷೆಯಲ್ಲಿ ಪಾಸಾ ಫೇಲಾ ಅಂತ ಮಾತ್ರ ಹೇಳಿ, ಎಷ್ಟು ಅಂಕ ಅಂತ ಹೇಳದ ಹಾಗೆ.

ಇನ್ನೊಂದು ತಪ್ಪು ತಿಳಿವಳಿಕೆ ಅಪ್ಪನಲ್ಲೂ ಇತ್ತು, ಸ್ಟ್ಯಾಂಡಿನ ಅವರ ಸ್ನೇಹಿತರಲ್ಲೂ ಇತ್ತು. ಆ ದೀಪ ಬಂದರೆ ‘ಆಯಿಲ್ ಕಮ್ಮಿ ಆಗಿದೆ, ಮುಂದಿನ ಬಂಕಿನಲ್ಲಿ ಅರ್ಧ ಲೀಟರ್ ಹಾಕಿದರಾಯ್ತು’ ಅಂತ. ಅದು ಆಯಿಲ್ ಎಷ್ಟಿದೆ ಅಂತ ಹೇಳುವ ದೀಪ ಅಲ್ಲ. ಬೇರಿಂಗಿಗೆ ಆಯಿಲ್ ತಲುಪುತ್ತಿಲ್ಲ ಅಂತ ಹೇಳುವ ದೀಪ. ಎಂಜಿನ್ ಓಡುವಾಗ ಅದು ಬಂತೆಂದರೆ ಮುಂದಿನ ಬಂಕ್ ಅಲ್ಲ, ಮುಂದಿನ ತಿರುವಿನ ತನಕವೂ ಹೋಗಬಾರದು. ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು.

ಗೇಜ್ ತರಲು ಬೇರೆ ನೆಪ ಹುಡುಕಬೇಕಾಗಲಿಲ್ಲ. ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂ ಇತ್ತು. ಅದು ಹನ್ನೆರಡಕ್ಕೆ ಮುಗಿಯಿತು (ಹೇಗೆ ಮುಗಿಯಿತು ಅಂತ ಕೇಳಬೇಡಿ). ಸೀದಾ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ‘ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕಲ್ಲಾ?’ ಅಂದರು. ‘ಮೆಕ್ಯಾನಿಕಲ್ ಸರ್, ಹೋದ ವರ್ಷ ಪಾಸಾದೆ’ ಅಂದೆ. ಅವರು ಕೇಳಿದ್ದು ಗೇಜಿನ ಬಗ್ಗೆ.

ಎರಡಕ್ಕೂ ವ್ಯತ್ಯಾಸ ದೊಡ್ಡದು. ಮೆಕ್ಯಾನಿಕಲ್ ಗೇಜ್‌ನಲ್ಲಿ ಎಂಜಿನ್ನಿನಿಂದ ಒಂದು ಸಣ್ಣ ನಳಿಗೆ ಡ್ಯಾಶ್‌ಬೋರ್ಡಿನ ತನಕ ಬರುತ್ತದೆ, ಅದರಲ್ಲಿ ಆಯಿಲೇ ಬರುತ್ತದೆ. ಗೇಜಿನೊಳಗೆ ಸಿ ಆಕಾರಕ್ಕೆ ಬಗ್ಗಿಸಿದ ಚಪ್ಪಟೆ ಕೊಳವೆ. ಒತ್ತಡ ಹೆಚ್ಚಾದಂತೆ ಆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೇಲೆ, ಗ್ಯಾಸ್ ವೆಲ್ಡಿಂಗ್ ಸಿಲಿಂಡರಿನ ಮೇಲೆ ಇರುವ ಗೇಜ್‌ಗಳಲ್ಲಿ ಇವತ್ತಿಗೂ ಇದೇ ಕೊಳವೆ. ಕರೆಂಟ್ ಬೇಡ, ನಂಬಿಕಸ್ತ. ಆದರೆ ಆ ನಳಿಗೆ ಒಡೆದರೆ ಕಾದ ಆಯಿಲ್ ಓಡಿಸುವವರ ಕಾಲ ಮೇಲೆ. ಶಾಲೆ ಮಕ್ಕಳು ಕೂರುವ ಗಾಡಿಯೊಳಗೆ ಅದನ್ನು ತರಲು ನನಗೆ ಧೈರ್ಯ ಬರಲಿಲ್ಲ.

ಎಲೆಕ್ಟ್ರಿಕಲ್ ಗೇಜ್‌ನಲ್ಲಿ ಆಯಿಲ್ ಎಂಜಿನ್ ಹತ್ತಿರವೇ ಉಳಿಯುತ್ತದೆ. ಅಲ್ಲಿ ಸೆಂಡರ್ ಅನ್ನುವ ಒಂದು ಡಬ್ಬಿ, ಮುಷ್ಟಿಗಿಂತ ಸ್ವಲ್ಪ ಸಣ್ಣದು. ಒತ್ತಡಕ್ಕೆ ತಕ್ಕಂತೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಒಂದು ತಂತಿ ಆ ಸುದ್ದಿಯನ್ನು ಮುಳ್ಳಿಗೆ ಮುಟ್ಟಿಸುತ್ತದೆ. ಇಲ್ಲಿ ಎಚ್ಚರ ಬೇಕು. ಯುರೋಪಿನ ಪದ್ಧತಿಯ ಸೆಂಡರ್ ಸೊನ್ನೆ ಒತ್ತಡದಲ್ಲಿ ಸುಮಾರು 10 ಓಮ್, ಪೂರ್ತಿ ಒತ್ತಡದಲ್ಲಿ ಸುಮಾರು 180 ಓಮ್ ತೋರಿಸುತ್ತದೆ. ಅಮೆರಿಕದ ಪದ್ಧತಿ ಉಲ್ಟಾ: 240ರಿಂದ ಶುರುವಾಗಿ 33ಕ್ಕೆ ಇಳಿಯುತ್ತದೆ. ಒಂದರ ಸೆಂಡರಿಗೆ ಇನ್ನೊಂದರ ಗೇಜ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ಹೇಳುವುದೆಲ್ಲ ಸುಳ್ಳು. ‘ಗೇಜ್ ಇದು ತಗೋ, ಸೆಂಡರ್ ಅದು ಕಮ್ಮಿಗೆ ಬರುತ್ತೆ’ ಅಂತ ಅಂಗಡಿಯವರು ಬೇರೆ ಬೇರೆ ಕೊಡಲು ನೋಡಿದರು. ನಾನು ಜೊತೆಗೇ ಬರುವ ಸೆಟ್ ತೆಗೆದುಕೊಂಡೆ: 52 ಮಿಲಿಮೀಟರ್ ಗೇಜ್, 10–180 ಓಮ್ ಸೆಂಡರ್. ಪಕ್ಕದಲ್ಲಿ ನೀಲಿ ಬೆಳಕು ಮಿನುಗುವ ಡಿಜಿಟಲ್ ಗೇಜ್‌ಗಳೂ ಇದ್ದವು. ಕಾಲೇಜಿನ ದಿನಗಳಾಗಿದ್ದರೆ ಅದನ್ನೇ ತರುತ್ತಿದ್ದೆ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದೆ. ಬ್ಯಾಟರಿಯ ಮೈನಸ್ ಕಳಚಿ, ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದಿದ್ದೆ. ಹಳೆಯ ಸ್ವಿಚ್ ಸುಲಭವಾಗಿ ಬಿಚ್ಚಿಕೊಂಡಿತು, ಜೊತೆಗೆ ಒಂದು ಚಮಚ ಆಯಿಲ್ ಮುಖದ ಮೇಲೆ. ಕಿಟ್ಟಿನಲ್ಲಿ ಬಂದಿದ್ದ ಹಿತ್ತಾಳೆಯ ಟಿ ತೆಗೆದು ಆ ತೂತಿಗೆ ತಿರುಗಿಸಿದೆ. ಎರಡು ಸುತ್ತು ಬೆರಳಲ್ಲೇ ಹೋಯಿತು. ಆಮೇಲೆ ಬಿಗಿ. ಸರಿ, ಟೈಟ್ ಆಗುತ್ತಿದೆ ಅಂತ ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಒತ್ತಿದೆ. ಸ್ಟಾರ್ಟ್ ಮಾಡಿದರೆ ಟಿಯ ಬುಡದಿಂದ ಆಯಿಲ್ ಜಿನುಗತೊಡಗಿತು. ಆಫ್ ಮಾಡಿ, ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಹಾಕಿದೆ. ಮತ್ತೆ ಜಿನುಗು.

ಮೇಸ್ತ್ರಿ ಬಂದು ಟಿ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರು. ಅದರ ಥ್ರೆಡ್ ಅರ್ಧ ತಿಂದುಹೋಗಿತ್ತು. ‘ಹಿಡಿಯಿತು ಅಂದ್ರೆ ಟೈಟ್ ಆಯ್ತು ಅಂತ ಅಲ್ಲ ಮಾರಾಯ. ನಾನು ಈ ತೂತಿನವನಲ್ಲ ಅಂತ ಹೇಳ್ತಾ ಇದೆ ಅದು’ ಅಂದರು.

ಆ ತೂತು ಜಪಾನಿ ಎಂಜಿನ್‌ಗಳಲ್ಲಿ ಸಾಮಾನ್ಯವಾದ 1/8 ಬಿಎಸ್‌ಪಿಟಿ. ನನ್ನ ಟಿ 1/8 ಎನ್‌ಪಿಟಿ, ಅಮೆರಿಕದ ಅಳತೆ. ಎರಡರ ದಪ್ಪ ಕಣ್ಣಿಗೆ ಒಂದೇ. ಆದರೆ ಒಂದು ಇಂಚಿಗೆ ಅದರಲ್ಲಿ 28 ಸುತ್ತು, ಇದರಲ್ಲಿ 27. ಅದರ ಹಲ್ಲಿನ ಕೋನ 55 ಡಿಗ್ರಿ, ಇದರದ್ದು 60. ಒಂದೇ ಒಂದು ಸುತ್ತಿನ ವ್ಯತ್ಯಾಸ, ಹಾಗಾಗಿ ಮೊದಲು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಕಚ್ಚುತ್ತದೆ. ಹಾಳಾದದ್ದು ಹಿತ್ತಾಳೆಯ ಟಿ ಆದ್ದರಿಂದ ಬಚಾವಾದೆ. ಬ್ಲಾಕಿನ ಥ್ರೆಡ್ ಹೋಗಿದ್ದರೆ ಅಮ್ಮನ ಸಂಘದ ಮುಂದೆ ಇನ್ನೊಮ್ಮೆ ನಿಲ್ಲಬೇಕಿತ್ತು. ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಟೆಫ್ಲಾನ್ ಟೇಪಿಗೂ ಬೈಗುಳ ತಿಂದೆ. ಅದು ನಲ್ಲಿಯ ಕೆಲಸದ ವಸ್ತು. ಚೂರು ಹರಿದು ಒಳಗೆ ಹೋದರೆ ಆಯಿಲ್ ದಾರಿಯಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲು ಬರುವುದಿಲ್ಲ. ಈ ಥ್ರೆಡ್ ತುದಿಗೆ ಹೋದಂತೆ ಸಣ್ಣಗಾಗುವಂಥದ್ದು, ತಿರುಗಿಸಿದಂತೆ ತಾನೇ ಬಿಗಿಯಾಗುತ್ತದೆ. ಬೇಕಿದ್ದರೆ ತುದಿಯ ಎರಡು ಸುತ್ತು ಬಿಟ್ಟು ಒಂದಿಷ್ಟು ದ್ರವ ಸೀಲೆಂಟ್ ಸವರಿದರೆ ಸಾಕು.

ಮೇಸ್ತ್ರಿಗೆ ಇಷ್ಟವಾಗದ ಇನ್ನೊಂದು ವಿಷಯ ಸೆಂಡರಿನ ತೂಕ. ಅಷ್ಟು ಭಾರದ ಡಬ್ಬಿಯನ್ನು ಹಿತ್ತಾಳೆಯ ಸಣ್ಣ ಕುತ್ತಿಗೆಗೆ ನೇತುಹಾಕಿ ಎಂಜಿನ್ನಿಗೆ ಕೂರಿಸಿದರೆ, ಮೂರು ಸಿಲಿಂಡರಿನ ನಡುಕಕ್ಕೆ ಅದು ಎಷ್ಟು ದಿನ ಬಾಳೀತು? ಕುತ್ತಿಗೆ ಮುರಿದರೆ ಇದ್ದ ಆಯಿಲೆಲ್ಲ ನಿಮಿಷಗಳಲ್ಲಿ ರಸ್ತೆಗೆ. ಎಂಜಿನ್ ಕಾಯಲು ಹಾಕಿದ ಗೇಜೇ ಎಂಜಿನ್ ಕೊಂದ ಹಾಗೆ. ಹಾಗಾಗಿ ಚಿಕ್ಕಮಗಳೂರಿಗೆ ಹೋಗಿ, ಟ್ರ್ಯಾಕ್ಟರ್, ಜೆಸಿಬಿಗಳಿಗೆ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಗೇಣುದ್ದದ ಒಂದು ಹೋಸ್ ಮಾಡಿಸಿದೆವು. ಎಂಜಿನ್ ಕಡೆಯ ತುದಿಗೆ ಸರಿಯಾದ ಬಿಎಸ್‌ಪಿಟಿ. ಇನ್ನೊಂದು ತುದಿಗೆ ಲೇತ್ ಅಂಗಡಿಯಲ್ಲಿ ಕೊರೆಸಿದ ಹಿತ್ತಾಳೆಯ ಗಟ್ಟಿ. ಅದರಲ್ಲಿ ಎರಡು ತೂತು: ಒಂದಕ್ಕೆ ಹೊಸ ಸೆಂಡರ್, ಇನ್ನೊಂದಕ್ಕೆ ಹಳೆಯ ಸ್ವಿಚ್. ಗೇಜ್ ಬಂತೆಂದು ದೀಪವನ್ನು ತೆಗೆದುಹಾಕಬಾರದು ಅನ್ನುವುದು ಮೇಸ್ತ್ರಿಯ ಹಟ. ಮುಳ್ಳನ್ನು ನಾವು ನೋಡಬೇಕು. ದೀಪ ನಮ್ಮನ್ನು ನೋಡುವ ಹಾಗೆ ಮಾಡುತ್ತದೆ. ಆ ಹಿತ್ತಾಳೆ ಗಟ್ಟಿಯನ್ನು ಗಾಡಿಯ ಬಾಡಿಗೆ, ನಡುಕ ತಾಗದಿರಲಿ ಅಂತ ರಬ್ಬರ್ ಇಟ್ಟು, ಬಿಗಿದೆವು. ಸೈಲೆನ್ಸರಿನಿಂದ ಹೋಸ್ ದೂರ ಇರುವಂತೆ ಕ್ಲಿಪ್ ಹಾಕಿದೆವು.

ವೈರಿಂಗ್ ಹೆಚ್ಚು ತಲೆ ತಿನ್ನಲಿಲ್ಲ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ ಸಣ್ಣ ಫ್ಯೂಸ್ ಮೂಲಕ ಗೇಜಿಗೆ ಒಂದು, ಅರ್ತ್ ಒಂದು, ಸೆಂಡರಿಗೆ ಒಂದು, ರಾತ್ರಿ ಬೆಳಕಿಗೆ ಪಾರ್ಕಿಂಗ್ ಲೈಟಿನಿಂದ ಒಂದು. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರ್ ಗ್ರೋಮೆಟ್. ಅಷ್ಟೇ.

ಕೀ ತಿರುಗಿಸಿದೆ, ಸ್ಟಾರ್ಟ್ ಮಾಡಲಿಲ್ಲ. ಮುಳ್ಳು ಸರ್ರನೆ ಎದ್ದು 10ರ ತುದಿಗೆ ಹೋಗಿ ನಿಂತಿತು. ಪಕ್ಕದಲ್ಲಿ ನಿಂತಿದ್ದ ಅಪ್ಪನಿಗೆ ಖುಷಿಯೋ ಖುಷಿ. ‘ಫುಲ್ ಇದೆಯಲ್ಲೋ!’

ನಿಂತ ಎಂಜಿನ್ನಿನಲ್ಲಿ 10 ಬಾರ್ ಎಲ್ಲಿಂದ ಬರಬೇಕು? ಆಗ ನನಗೆ ಇನ್ನೊಂದೂ ಕಂಡಿತು: ಹೊಸ ಬಲ್ಬ್ ಹಾಕಿದ್ದರೂ ಕೆಂಪು ದೀಪ ಹೊತ್ತಿರಲಿಲ್ಲ. ಮುಳ್ಳೂ ದೀಪವೂ ಒಟ್ಟಿಗೇ ‘ಎಲ್ಲ ಚೆನ್ನಾಗಿದೆ’ ಅಂತ ಸುಳ್ಳು ಹೇಳುತ್ತಿದ್ದವು. ಅರ್ಧ ಗಂಟೆ ಬೀಡಿ ಸೇದುತ್ತ ಕೂತಿದ್ದ ಮೇಸ್ತ್ರಿ ಉತ್ತರ ಹೇಳಲಿಲ್ಲ. ‘ನೀನು ಓದಿದವನು, ನೋಡು’ ಅಂದರು. ಸೆಂಡರಿನ ತಂತಿ ಕಳಚಿ ಅದರ ತುದಿಯನ್ನು ಬಾಡಿಯ ಬರಿಯ ಲೋಹಕ್ಕೆ ತಾಗಿಸಿದೆ. ಮುಳ್ಳು ಸೊನ್ನೆಗೆ ಬಿತ್ತು. ಅಂದರೆ ಗೇಜ್ ಸರಿ ಇದೆ, ತಂತಿಯೂ ಸರಿ ಇದೆ. ಇಲ್ಲದಿರುವುದು ಸೆಂಡರಿನ ಅರ್ತ್. ಸೆಂಡರ್ ಆಗಲಿ ಹಳೆಯ ಸ್ವಿಚ್ ಆಗಲಿ, ತಮ್ಮ ಅರ್ತನ್ನು ಪಡೆಯುವುದು ಎಂಜಿನ್ನಿನ ಲೋಹಕ್ಕೆ ಕೂತ ಥ್ರೆಡ್ಡಿನಿಂದ. ನಾವು ಅವೆರಡನ್ನೂ ಎಂಜಿನ್ನಿನಿಂದ ಬಿಡಿಸಿ, ನೂಲಿನ ಹೆಣಿಗೆಯ ಹೋಸಿನ ತುದಿಗೆ ಹಾಕಿ, ಕೆಳಗೆ ರಬ್ಬರ್ ಬೇರೆ ಕೊಟ್ಟಿದ್ದೆವು. ಅರ್ತ್ ಬರುವ ದಾರಿಯೇ ಇರಲಿಲ್ಲ. ದಾರಿ ಕಡಿದರೆ ರೆಸಿಸ್ಟೆನ್ಸ್ ಅನಂತ, 10–180 ಗೇಜಿಗೆ ಅದರ ಅರ್ಥ ‘ಫುಲ್’. ಹಿತ್ತಾಳೆ ಗಟ್ಟಿಯಿಂದ ಎಂಜಿನ್ನಿಗೆ ಒಂದು ಕಪ್ಪು ತಂತಿ ಎಳೆದೆ. ಕೀ ತಿರುಗಿಸಿದರೆ ಮುಳ್ಳು ಸೊನ್ನೆ, ದೀಪ ಕೆಂಪು. ಸೊನ್ನೆ ಕಂಡು ಅಷ್ಟು ಸಂತೋಷ ನನಗೆ ಯಾವ ಸೆಮಿಸ್ಟರಿನಲ್ಲೂ ಆಗಿರಲಿಲ್ಲ.

ಸ್ಟಾರ್ಟ್ ಮಾಡಿದ ಮೇಲೆ ಮುಳ್ಳು 4 ದಾಟಿತು. ಮಾರನೆ ದಿನ ಗ್ಯಾರೇಜಿನಲ್ಲಿ ಮೇಸ್ತ್ರಿ ತಮ್ಮ ಮೆಕ್ಯಾನಿಕಲ್ ಟೆಸ್ಟ್ ಗೇಜನ್ನು ಅದೇ ತೂತಿಗೆ ಹಾಕಿ ನೋಡಿದರು. ಎರಡಕ್ಕೂ ಕಾಲು ಬಾರ್ ಒಳಗಿನ ವ್ಯತ್ಯಾಸ. ‘ನಂಬಬಹುದು’ ಅಂದರು. ಹೊಸ ಗೇಜ್ ಹಾಕುವವರು ಈ ಒಂದು ಕೆಲಸ ಬಿಡಬೇಡಿ. ಅಳೆದು ನೋಡದ ಗೇಜ್ ಡ್ಯಾಶ್‌ಬೋರ್ಡಿನ ಮೇಲಿನ ಬೊಂಬೆ ಇದ್ದ ಹಾಗೆ.

ಇಷ್ಟೆಲ್ಲ ಆದ ಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದರು. ‘ಎಷ್ಟಿದ್ರೆ ಸರಿ? ಎಷ್ಟಾದ್ರೆ ನಾನು ನಿಲ್ಲಿಸಬೇಕು?’

ನನ್ನ ಹತ್ತಿರ ಇದ್ದದ್ದು ಹಳೆಯ ಮೆಕ್ಯಾನಿಕ್‌ಗಳ ಒಂದು ಅಂದಾಜು: ಎಂಜಿನ್ ಕಾದಿರುವಾಗ ಪ್ರತಿ 1000 ಸುತ್ತಿಗೆ 10 ಪಿಎಸ್‌ಐ, ಅಂದರೆ ಹೆಚ್ಚುಕಡಿಮೆ 0.7 ಬಾರ್. ಆದರೆ ಓಮ್ನಿಯಲ್ಲಿ ಸುತ್ತು ತೋರಿಸುವ ಮೀಟರೇ ಇಲ್ಲ. ಅಪ್ಪ 3000 ಆರ್‌ಪಿಎಂ ಅನ್ನು ಎಲ್ಲಿ ನೋಡಬೇಕು? ಹಾಗಾಗಿ ಒಂದು ವಾರ ನಾನು ಪಕ್ಕದ ಸೀಟಿನಲ್ಲಿ ಪುಸ್ತಕ ಹಿಡಿದು ಕೂತೆ. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ನಾಲ್ಕೂವರೆ. ಕಾದ ಮೇಲೆ ನಿಂತಲ್ಲೇ ಒಂದು ಚಿಲ್ಲರೆ. ಮೂರನೇ ಗೇರಿನಲ್ಲಿ 40ರ ವೇಗಕ್ಕೆ ಮೂರು. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಟೀಗೆ ನಿಲ್ಲಿಸಿದಾಗ ನಿಂತಲ್ಲೇ ಒಂದಕ್ಕೆ ಸ್ವಲ್ಪ ಕಡಿಮೆ. ಬೇರಿಂಗೆಲ್ಲ ಹೊಸದಾಗಿರುವಾಗ, ಇದೇ ಗ್ರೇಡಿನ ಆಯಿಲ್ ಇರುವಾಗ, ಇದು ಈ ಗಾಡಿಯ ನಾಡಿ. ಬೇರೆಯವರ ಓಮ್ನಿಯ ಅಂಕಿ ನಮಗೆ ಬೇಡ. ನಮ್ಮದೇ ಅಂಕಿ ನಿನ್ನೆಗಿಂತ ಇವತ್ತು ಬದಲಾಯಿತಾ ಅನ್ನುವುದು ಮುಖ್ಯ.

ಅಪ್ಪನಿಗೆ ಕಾದಾಗ ಮುಳ್ಳು ಇಳಿಯುವುದು ಸಮಾಧಾನವಾಗಲಿಲ್ಲ. ‘ದಪ್ಪ ಆಯಿಲ್ ಹಾಕಿದ್ರೆ ಮೇಲೇ ನಿಲ್ತದಲ್ಲ?’ ಅಂದರು. ನಿಲ್ಲುತ್ತದೆ. ಆದರೆ ಅದು ಒಳ್ಳೆಯದಲ್ಲ. ಇದನ್ನು ವಿವರಿಸಲು ಹೋಗಿ ವಿಸ್ಕಾಸಿಟಿ, ಫ್ಲೋ ಅಂತೆಲ್ಲ ಹೇಳಿ ಸೋತೆ. ಕೊನೆಗೆ ತೋಟದ ಸ್ಪ್ರಿಂಕ್ಲರ್ ನೆನಪಾಯಿತು. ಕಾಫಿ ಹೂವಿಗೆ ನೀರು ಹಾರಿಸುವಾಗ ಪಂಪ್ ನೀರನ್ನು ತಳ್ಳುತ್ತದೆ ಅಷ್ಟೆ. ಜೆಟ್ಟಿನ ಸಣ್ಣ ಬಾಯಿ ತಡೆಯುವುದರಿಂದ ಒತ್ತಡ ಬರುತ್ತದೆ. ನಾಲ್ಕು ಪೈಪಿನ ಜಾಯಿಂಟ್ ಸೋರಿದರೆ ಜೆಟ್ ಕುಗ್ಗುತ್ತದೆ. ಸವೆದ ಬೇರಿಂಗ್ ಅಂದರೆ ಸೋರುವ ಜಾಯಿಂಟ್. ಅದೇ ಜೆಟ್ಟಿನ ಬಾಯಿಗೆ ಕಸ ಸಿಕ್ಕಿಕೊಂಡರೆ ಪೈಪಿನಲ್ಲಿ ಒತ್ತಡ ಏರುತ್ತದೆ, ಗಿಡಕ್ಕೆ ಮಾತ್ರ ನೀರಿಲ್ಲ. ದಪ್ಪ ಆಯಿಲಿನ ಕಥೆಯೂ ಸ್ವಲ್ಪ ಹಾಗೆಯೇ: ಮುಳ್ಳು ಮೇಲೆ, ಬೇರಿಂಗಿಗೆ ಹರಿವು ಕಡಿಮೆ. ‘ಹಾಗೆ ಹೇಳು ಮತ್ತೆ!’ ಅಂದರು ಅಪ್ಪ. ಪೈಪ್ ಎಳೆಯುತ್ತಲೇ ಬೆಳೆದವರು, ನನಗಿಂತ ಮೊದಲೇ ಅವರಿಗೆ ಅದು ಗೊತ್ತಿತ್ತು. ಅದರ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಗೇಜಿನ ಗಾಜಿನ ಮೇಲೆ ಉಗುರಿನ ಪಾಲಿಶಿನಿಂದ ಎರಡು ಗೆರೆ ಎಳೆದೆ. ಒಂದು 3ರ ಹತ್ತಿರ, ಓಡುವಾಗಿನ ಜಾಗ. ಇನ್ನೊಂದು ಅರ್ಧದ ಹತ್ತಿರ, ಅಲ್ಲಿಗೆ ಬಂದರೆ ಗಾಡಿ ಎಲ್ಲಿದ್ದರೂ ಆಫ್. ಪಾಲಿಶ್ ತಂಗಿಯದು, ಆ ಜಗಳ ಬೇರೆ.

ನಾಲ್ಕು ತಿಂಗಳು ಮುಳ್ಳು ತನ್ನ ಪಾಡಿಗೆ ತಾನು ಇತ್ತು. ಒಂದು ಶನಿವಾರ ಅಪ್ಪ ಘಾಟಿ ಹತ್ತುತ್ತಿದ್ದಾಗ ಒಂದು ಹೇರ್‌ಪಿನ್ ತಿರುವಿನಲ್ಲಿ ಮುಳ್ಳು ಕೆಳಗೆ ಹಾರಿ, ತಿರುವು ಮುಗಿದ ಕೂಡಲೇ ಮತ್ತೆ ಮೇಲೆ ಬಂತು. ಮುಂದಿನ ತಿರುವಿನಲ್ಲೂ ಹಾಗೆಯೇ. ಕೆಂಪು ದೀಪ ಒಮ್ಮೆಯೂ ಹೊತ್ತಲಿಲ್ಲ. ಶಬ್ದವೂ ಇಲ್ಲ, ಪಿಕಪ್ ಕಡಿಮೆಯಾಗಲೂ ಇಲ್ಲ. ಮುಂಚಿನ ಅಪ್ಪ ಆಗಿದ್ದರೆ ಕೊಟ್ಟಿಗೆಹಾರ ಮುಟ್ಟಿಸುತ್ತಿದ್ದರು. ಈ ಸಲ ರಸ್ತೆ ಅಗಲ ಇದ್ದಲ್ಲಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ ನನಗೆ ಫೋನ್ ಮಾಡಿದರು. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ ಅಂದೆ. ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು. ನೆಟ್ಟಗೆ ಹೋಗುವಾಗ ಪಂಪಿನ ಬಾಯಿಗೆ ಆಯಿಲ್ ಸಿಗುತ್ತಿತ್ತು. ತಿರುವಿನಲ್ಲಿ ಅದು ಸಂಪಿನ ಒಂದು ಬದಿಗೆ ವಾಲಿದಾಗ ಪಂಪ್ ಗಾಳಿ ಎಳೆಯುತ್ತಿತ್ತು. ಸೀಟಿನ ಹಿಂದೆ ಸದಾ ಇಟ್ಟುಕೊಳ್ಳುವ ಒಂದು ಲೀಟರ್ ಕ್ಯಾನ್ ಸುರಿದ ಮೇಲೆ ಮುಳ್ಳು ಅಲುಗಾಡಲಿಲ್ಲ. ಗ್ಯಾರೇಜಿನಲ್ಲಿ ನೋಡಿದರೆ ಮುಂದಿನ ಆಯಿಲ್ ಸೀಲ್ ಸೋರುತ್ತಿತ್ತು. ಸೀಲಿಗೂ ಕೂಲಿಗೂ ಸೇರಿ ಆದ ಖರ್ಚು, ಹೋದ ಸಲದ ಬಿಲ್ಲಿನ ಕೊನೆಯ ಸೊನ್ನೆಯನ್ನು ತೆಗೆದರೂ ಅದರ ಹತ್ತಿರ ಬರುವುದಿಲ್ಲ.

ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿದ್ದರೆ ಗೇಜೇ ಬೇಕಿರಲಿಲ್ಲ ಅಂತ ನೀವು ಹೇಳಬಹುದು. ಅದು ನಿಜ. ಹೇಳಿದವರಲ್ಲಿ ಅಮ್ಮ ಮೊದಲಿಗರು. ವಾರಂಟಿ ಇರುವ ಹೊಸ ಕಾರಿನವರು ಇದಕ್ಕೆಲ್ಲ ಕೈ ಹಾಕಬೇಡಿ. ತಂತಿ ಕತ್ತರಿಸಿದರೆ ವಾರಂಟಿಯವರು ಮುಖ ತಿರುಗಿಸುತ್ತಾರೆ. ಸಮಯಕ್ಕೆ ಆಯಿಲ್ ಬದಲಿಸಿ, ಡಿಪ್‌ಸ್ಟಿಕ್ ನೋಡಿ, ಕೀ ತಿರುಗಿಸಿದಾಗ ಆ ಕೆಂಪು ದೀಪ ಹೊತ್ತುತ್ತದಾ ಅಂತ ಒಂದು ಕಣ್ಣು ಹಾಯಿಸಿ, ಸಾಕು. ಆದರೆ 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 2019ರಲ್ಲಿ ನಿಂತ ಈ 796 ಸಿಸಿಯ ಗಾಡಿ ನಮ್ಮ ಕಡೆ ಇನ್ನೂ ಆಂಬುಲೆನ್ಸು, ಹಾಲಿನ ವ್ಯಾನು, ಶಾಲೆ ಬಸ್ಸು ಎಲ್ಲವೂ ಆಗಿದೆ. ದಿನವೂ ಘಾಟಿ ಇಳಿದು ಹತ್ತುವ ಇಂಥ ಹಳೆಯ ಗಾಡಿಗಳ ಮಾತು ಬೇರೆ. ಸ್ಟ್ಯಾಂಡಿನ ಇನ್ನಿಬ್ಬರು ಅಪ್ಪನ ಗೇಜ್ ನೋಡಿ ತಮಗೂ ಹಾಕಿಕೊಡು ಅಂದರು. ಹಾಕಿಕೊಟ್ಟೆ. ಈ ಸಲ ಥ್ರೆಡ್ ಗೇಜ್ ಹಿಡಿದು ಹಲ್ಲು ಎಣಿಸಿದ ಮೇಲೆಯೇ ಸ್ಪ್ಯಾನರ್ ಮುಟ್ಟಿದ್ದು.

ಈಗ ನಾನು ಬೆಂಗಳೂರಿನ ಪಿಜಿಯೊಂದರಲ್ಲಿದ್ದೇನೆ. ಹಗಲು ಇಂಟರ್‌ವ್ಯೂ, ಸಂಜೆ ಮೇಲ್ ಬಂತಾ ಅಂತ ಮೊಬೈಲ್ ನೋಡುವುದು. ರಾತ್ರಿ ಅಪ್ಪ ಫೋನ್ ಮಾಡಿದರೆ ಮೊದಲು ‘ಊಟ ಆಯ್ತಾ’, ಆಮೇಲೆ ಮುಳ್ಳಿನ ಸಮಾಚಾರ. ಕೆಲಸದ ವಿಷಯ ಅವರಾಗಿ ಕೇಳುವುದಿಲ್ಲ. ನಿನ್ನೆ ಹೇಳಿದರು: ‘ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನಾಲ್ಕೂವರೆಗೆ ಹೋಗ್ತಿತ್ತಲ್ಲ, ಈ ವಾರ ನಾಲ್ಕಕ್ಕೇ ನಿಲ್ತಾ ಇದೆ. ನಮ್ಮಲ್ಲಿ ಚಳಿ ಮುಗೀತು ಕಾಣ್ತದೆ.’